ಹಿಂದಿನ ಅಂಚು

ಫುಟ್‌ಬಾಲೆಂದರೆ ಶುಕ್ರವಾರ ರಾತ್ರಿ ಹೈಸ್ಕೂಲಿನವರದು, ಭಾನುವಾರ ಟೀವಿಯವರದು, ಶನಿವಾರ ಮಧ್ಯಾಹ್ನ ಒಂದು ಗಂಟೆ ನಮ್ಮದು. ಟಾಲ್ವರ್ನ್ ಊರಿನಲ್ಲಿ ನಾನು ಹುಟ್ಟುವ ಮೊದಲಿನಿಂದ ಹೀಗೇ ನಡೆದುಕೊಂಡು ಬಂದಿತ್ತು. ಅದನ್ನು ಮುರಿಯಲು ಕೈಲ್ ರೆನ್‌ಶಾ ಎಂಬ ಮೂವತ್ತಾರು ವರ್ಷದವನೊಬ್ಬ ಬರಬೇಕಾಯಿತು. ನಮ್ಮ ಕಾಲೇಜಿನ ಹೊಸ ಕ್ರೀಡಾ ನಿರ್ದೇಶಕ. ಬಂದು ಎಂಟು ತಿಂಗಳಾಗಿರಲಿಲ್ಲ, ಅಕ್ಟೋಬರಿನ ಮೊದಲ ಶನಿವಾರದ ಆಟವನ್ನು ರಾತ್ರಿ ಏಳಕ್ಕೆ ತಳ್ಳಿಬಿಟ್ಟ. ಆಟಗಳ ಪಟ್ಟಿ ಓದಿದ ಕೂಡಲೇ ನನ್ನ ಪಿತ್ತ ನೆತ್ತಿಗೇರಿತು. ನೆಟ್ಟಗೆ ಅವನ ಆಫೀಸಿಗೆ ಹೋದೆ.

"ಮಧ್ಯಾಹ್ನ ಎಲ್ಲಾರೂ ಸೋಫಾ ಮೇಲೆ ಬಿದ್ಕೊಂಡು ದೊಡ್ಡ ಯೂನಿವರ್ಸಿಟಿ ಆಟ ನೋಡ್ತಿರ್ತಾರೆ ಯಜಮಾನ್ರೇ. ನಮ್ಮ ಹತ್ರ ಯಾರು ಬರ್ತಾರೆ ಹೇಳಿ? ರಾತ್ರಿ ಇಟ್ರೆ ಜನ ಬರ್ತಾರೆ" ಎಂದ.

"ದೇವರು ಪುಕ್ಕಟೆ ಬೆಳಕು ಕೊಟ್ಟಿದಾನೆ. ಅದನ್ನ ಬಿಟ್ಟು ಬಾಡಿಗೆ ದೀಪ ತರಿಸ್ತೀಯಾ?"

"ನಾಲ್ಕು ಕಂಬ, ಡೀಸೆಲ್ ಜನರೇಟರ್. ಹಗಲೇ ಅನ್ಸತ್ತೆ ನೋಡಿ."

"ಹಗಲೇ ಅನ್ಸೋದು ಬೇಡ ಕಣಯ್ಯಾ, ಹಗಲೇ ಬೇಕು ನಂಗೆ!"

ಅವನು ನಕ್ಕ. ಹಲ್ಲು ಚೆನ್ನಾಗಿದ್ದವು. ನಾನು ಬಾಗಿಲನ್ನು ಜೋರಾಗಿ ಎಳೆದುಕೊಂಡು ಬಂದೆ.

ನಾನು ಆರಿನ್ ಸ್ಕಾರ್. ಸಹಕಾರ ಸಂಘದ ಧಾನ್ಯದ ಗೋದಾಮಿನಲ್ಲಿ ನಲವತ್ತು ವರ್ಷ ತೂಕದವನಾಗಿದ್ದೆ. ಈ ಸುತ್ತಿನ ಒಬ್ಬನೇ ಒಬ್ಬ ರೈತನೂ ತನ್ನ ಮೆಕ್ಕೆಜೋಳದ ಲಾರಿಯನ್ನು ಎರಡನೇ ಸಲ ತೂಗಿಸು ಎಂದವನಲ್ಲ. ಶನಿವಾರಗಳಲ್ಲಿ ಕಾಲೇಜಿನ ಆಟಕ್ಕೆ ಸರಪಳಿ ಹಿಡಿಯುವುದು ನನ್ನ ಕೆಲಸ. ಮೂವತ್ಮೂರು ವರ್ಷವಾಯಿತು. ಸಂಬಳವಿಲ್ಲ, ಒಂದು ಬನ್ನಿನಲ್ಲಿಟ್ಟ ಸಾಸೇಜು, ಒಂದು ಲೋಟ ಕಾಫಿ, ಮತ್ತು ಕಿತ್ತಳೆ ಬಣ್ಣದ ಒಂದು ಅಂಗಿ. ಆ ಅಂಗಿ ತೊಟ್ಟರೆ ಮಾತ್ರ ಗೆರೆಯೊಳಗೆ ನಿಲ್ಲಬಹುದು.

ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಅಷ್ಟರೊಳಗೆ ಹತ್ತು ಗಜ ಮುಂದೆ ನುಗ್ಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಆ ಹತ್ತು ಗಜ ನಮ್ಮ ಸರಪಳಿ. ಎರಡು ತುದಿಗೆ ಎರಡು ಕೋಲು. ಮುಂದಿನ ಕೋಲು ನನ್ನ ಗೆಳೆಯ ವರ್ಲಿನ್‌ನದು, ಹಿಂದಿನದು ಅವನ ಭಾವಮೈದುನನದು, ನಡುವಿನ ಕ್ಲಿಪ್ಪು ನನ್ನದು. ಆಟ ನಡೆಯುವಾಗ ಸರಪಳಿ ಮೈದಾನದ ಬದಿಯಲ್ಲಿರುತ್ತದೆ. ಮೈದಾನದುದ್ದಕ್ಕೂ ಐದೈದು ಗಜಕ್ಕೊಂದು ಬಿಳಿ ಗೆರೆ, ನಾಲ್ಕು ಇಂಚು ಅಗಲ. ಸರಪಳಿ ದಾಟುವ ಒಂದು ಗೆರೆಯ ಹಿಂದಿನ ಅಂಚಿಗೆ ಸರಿಯಾಗಿ ನಾನು ಸರಪಳಿಗೆ ಕ್ಲಿಪ್ಪು ಸಿಕ್ಕಿಸುತ್ತೇನೆ. ಅನುಮಾನ ಬಂದಾಗ ಸರಪಳಿಯನ್ನು ಮೈದಾನದ ನಡುವಿಗೆ ಹೊತ್ತೊಯ್ದು, ಅದೇ ಗೆರೆಯ ಹಿಂದಿನ ಅಂಚಿಗೆ ಕ್ಲಿಪ್ಪನ್ನು ಒತ್ತಿ ಹಿಡಿಯುತ್ತೇನೆ. ವರ್ಲಿನ್ ಕೋಲನ್ನು ಎಳೆದು ನಿಲ್ಲಿಸುತ್ತಾನೆ, ಚೆಂಡು ದಾಟಿದೆಯೋ ಇಲ್ಲವೋ ಎಲ್ಲರಿಗೂ ಕಾಣುತ್ತದೆ. ಹಿಂದಿನ ಅಂಚು, ಮುಂದಿನದಲ್ಲ. ಹೊಸಬರಿಗೆ ಇದನ್ನು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ.

ಈಗ ನಿಜ ಹೇಳಿಬಿಡುತ್ತೇನೆ. ಜೂನ್ ತಿಂಗಳಲ್ಲಿ ಕಣ್ಣಿನ ಡಾಕ್ಟರಮ್ಮ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದಿದ್ದಳು. ಹಗಲು ಪರವಾಗಿಲ್ಲ, ಕತ್ತಲಾದ ಮೇಲೆ ಗಾಡಿ ಓಡಿಸಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದಳು. ಆಪರೇಷನ್ ಮಾಡಿಸಿಕೊಂಡರೆ ಆಟದ ಕಾಲ ಕೈತಪ್ಪುತ್ತದೆ, ಡಿಸೆಂಬರಿಗೆ ನೋಡೋಣ ಎಂದೆ. ಚೀಟಿಯನ್ನು ಗಾಡಿಯ ಡಬ್ಬಿಯಲ್ಲಿ ತುರುಕಿದೆ. ನನ್ನ ಹೆಂಡತಿ ಮಾರ್ಲಿಸ್‌ಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ರಾತ್ರಿ ಆಟ ಬಂದರೆ ಸರಪಳಿ ನನ್ನ ಕೈತಪ್ಪುತ್ತದೆ. ಆ ಕಿತ್ತಳೆ ಅಂಗಿ ಇಲ್ಲದಿದ್ದರೆ ನಾನು ಊರಿನ ಇನ್ನೊಬ್ಬ ಮುದುಕ, ಅಷ್ಟೆ. ರೆನ್‌ಶಾನ ಮೇಲೆ ನಾನು ಹಾರಾಡಿದ್ದು ಇದಕ್ಕೇ.

"ಈ ಒಂದು ಆಟ ಬೇರೆಯವರಿಗೆ ಬಿಟ್ಕೊಡು ಆರಿನ್" ಎಂದಳು ಮಾರ್ಲಿಸ್.

"ಅವನ ದರಿದ್ರ ದೀಪದಲ್ಲಿ ಹದ್ದಿಗೂ ಕಣ್ಣು ಕಾಣಲ್ಲ, ಗೊತ್ತಾ?"

"ದೀಪ ಇನ್ನೂ ಊರಿಗೇ ಬಂದಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನೀನು ಯಾರ ಕಡೆ?"

"ನಾನು ಗಾಡಿ ಓಡಿಸೋಳ ಕಡೆ. ಆರೂವರೆಗೆ ರೆಡಿ ಇರು."

ಶನಿವಾರ ಅವಳೇ ಗಾಡಿ ಓಡಿಸಿದಳು. ವರ್ಲಿನ್ ಕೇಳಿದ್ದಕ್ಕೆ ನನಗೆ ಮಂಡಿ ನೋವು ಎಂದು ಸುಳ್ಳು ಹೇಳಿದೆ. ಜನವೋ ಜನ! ಮಧ್ಯಾಹ್ನದ ಆಟಕ್ಕೆ ಆರುನೂರು ಬಂದರೆ ಹೆಚ್ಚು, ಅವತ್ತು ಎರಡು ಸಾವಿರ. ಕೊಯ್ಲು ಮುಗಿಸಿದ ರೈತರು ಧೂಳು ಮೆತ್ತಿದ ಟೋಪಿಯಲ್ಲೇ ಬಂದಿದ್ದರು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ಮೂವತ್ಮೂರು ವರ್ಷ ಎಲ್ಲಿ ಹಾಳಾಗಿ ಹೋಗಿದ್ದರು ಇವರೆಲ್ಲ?

ದೀಪ ಹತ್ತಿದಾಗ ಪ್ರತಿಯೊಂದರ ಸುತ್ತ ನನಗೆ ಒಂದೊಂದು ದೊಡ್ಡ ಬಳೆ ಕಂಡಿತು. ಬದಿಯಲ್ಲಿ ಹೇಗೋ ನಡೆಯಿತು. ಅಲ್ಲಿ ಕಂಬ ಹತ್ತಿರ, ಗೆರೆಗಳ ಲೆಕ್ಕ ನನಗೆ ಕಾಲಿನಲ್ಲೇ ಗೊತ್ತು. ಮೊದಲರ್ಧದಲ್ಲಿ ಒಂದು ಅಳತೆಯೂ ಬರಲಿಲ್ಲ. ಮೂರನೇ ಕಾಲು ಭಾಗದಲ್ಲೂ ಬರಲಿಲ್ಲ. ನನಗೆ ಜಂಬ ಬಂತು. ನೋಡು ಡಾಕ್ಟರಮ್ಮ, ನಿನ್ನ ಚೀಟಿ ನೀನೇ ಇಟ್ಟುಕೋ ಎಂದುಕೊಂಡೆ.

ಕೊನೆಗೆ ನಲವತ್ತು ಸೆಕೆಂಡು ಉಳಿದಿತ್ತು. ನಮ್ಮದು ಇಪ್ಪತ್ತು, ಕ್ವಿಲ್ ಲೇಕ್ ಕಾಲೇಜಿನವರದು ಹದಿನಾರು. ಅವರು ನಮ್ಮ ಗೋಲಿಗೆ ಎಂಟೇ ಗಜ ದೂರದಲ್ಲಿದ್ದರು. ನಾಲ್ಕನೇ ಯತ್ನ. ಅವರ ಮೂವತ್ನಾಲ್ಕನೇ ನಂಬರಿನ ಹುಡುಗ ಚೆಂಡನ್ನು ಎದೆಗವಚಿಕೊಂಡು ನಮ್ಮ ನಾಲ್ವರ ಮೇಲೆ ಬಿದ್ದ. ರೆಫರಿ ರಾಶಿಯನ್ನು ಬಿಡಿಸಿ ಚೆಂಡಿಟ್ಟ, ಬಗ್ಗಿ ನೋಡಿದ, ನಮ್ಮ ಕಡೆ ಕೈ ಬೀಸಿದ. ಅಳತೆ ಬೇಕು.

ಸರಪಳಿ ಹೊತ್ತು ಓಡಿದೆವು. ಎಲ್ಲರೂ ಎದ್ದು ನಿಂತಿದ್ದರು. ಮೈದಾನದ ನಡುವೆ ಹದಿನೈದು ಗಜದ ಗೆರೆಯ ಮೇಲೆ ಮಂಡಿಯೂರಿದೆ. ಸುತ್ತ ನಿಂತವರ ನೆರಳು ಗೆರೆಯ ಮೇಲೆ ಬಿದ್ದಿತ್ತು. ಬಿಳಿ ಕಂಡಿತು, ಅಂಚು ಕಾಣಲಿಲ್ಲ. ಸ್ವಲ್ಪ ತಡೀರಿ, ಟಾರ್ಚ್ ಬಿಡಿ ಎನ್ನಬಹುದಿತ್ತು. ಎನ್ನಲಿಲ್ಲ. ಎರಡು ಸಾವಿರ ಜನರ ಮುಂದೆ ಆರಿನ್ ಸ್ಕಾರ್ ಟಾರ್ಚ್ ಕೇಳಬೇಕೇ? ಕ್ಲಿಪ್ಪನ್ನು ಒತ್ತಿ ಹಿಡಿದೆ. ಪಕ್ಕದ ಅಂಪೈರ್ ಬಗ್ಗಿ ನೋಡಲೂ ಇಲ್ಲ. ಮೂವತ್ಮೂರು ವರ್ಷದ ಕೈ ನೋಡಿ ತಲೆಯಾಡಿಸಿದ. ವರ್ಲಿನ್ ಕೋಲೆಳೆದು ನಿಲ್ಲಿಸಿದ.

ಮೂರು ಇಂಚು ಕಡಿಮೆ.

ಚೆಂಡು ನಮ್ಮದಾಯಿತು, ಆಟವೂ ನಮ್ಮದಾಯಿತು. ಜನ ಬೇಲಿ ಹಾರಿ ಬಂದರು. ಯಾರೋ ನನ್ನನ್ನೂ ಎತ್ತಿ ಕುಣಿಸಿದರು. ಮೂವತ್ನಾಲ್ಕನೇ ನಂಬರಿನವನು ಮಾತ್ರ ಕೋಲು ನಿಂತಿದ್ದ ಜಾಗದಲ್ಲೇ ಕೂತಿದ್ದ. ಅವನನ್ನು ನೋಡದ ಹಾಗೆ ನಾನು ಸರಪಳಿ ಸುತ್ತಿದೆ.

ಸೋಮವಾರ ರೆನ್‌ಶಾ ಕರೆಸಿದ. ಮೇಜಿನ ಮೇಲೆ ಬಾಗಿಲಗಲದ ಒಂದು ಫೋಟೋ ಹರಡಿದ್ದ. ಅಳತೆಯ ಹೊತ್ತಿನದು. ಮಂಡಿಯೂರಿದ ನಾನು, ಬಿಗಿದ ಸರಪಳಿ, ಹಿಂದೆ ಎದ್ದು ನಿಂತ ಊರು.

"ಮುಂದಿನ ವರ್ಷದ ಪೋಸ್ಟರ್ ಇದೇ ಯಜಮಾನ್ರೇ! ಒಂದಲ್ಲ, ನಾಲ್ಕು ಆಟ ರಾತ್ರಿಗೆ. ಎಲ್ಲಾ ನಿಮ್ಮ ಕೈಗುಣ."

ನಾನು ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಗಲಲ್ಲಿ ನನ್ನ ಕಣ್ಣು ಚೆನ್ನಾಗಿಯೇ ಇದೆ. ನನ್ನ ಹೆಬ್ಬೆರಳು, ಅದರ ಕೆಳಗೆ ಕ್ಲಿಪ್ಪು. ಕ್ಲಿಪ್ಪಿನ ಹಿಂದೆ ನಾಲ್ಕು ಇಂಚು ಬಿಳಿ, ಮುಂದೆ ಬರೀ ಹುಲ್ಲು. ಮುಂದಿನ ಅಂಚು. ಸರಪಳಿಯನ್ನು ನಾನು ನಾಲ್ಕು ಇಂಚು ಮುಂದೆ ಇಟ್ಟಿದ್ದೆ. ಆ ಹುಡುಗ ಒಂದು ಇಂಚು ದಾಟಿದ್ದ. ಫೋಟೋವನ್ನು ಮತ್ತೆ ಮೇಜಿನ ಮೇಲೆ ಹರಡಿದೆ.

"ರೆನ್‌ಶಾ, ಇದು ತಪ್ಪು" ಎಂದೆ. ತೋರಿಸಿದೆ. ಅರ್ಥ ಮಾಡಿಕೊಳ್ಳಲು ಅವನಿಗೆ ಎರಡು ನಿಮಿಷ ಬೇಕಾಯಿತು. ಅರ್ಥವಾದ ಮೇಲೆ ಎದ್ದು ಬಾಗಿಲು ಮುಚ್ಚಿದ.

"ನಾಲ್ಕಿಂಚು ಯಾರು ನೋಡ್ತಾರೆ? ರೆಫರಿ ಒಪ್ಪಿದಾರೆ, ಮುಗೀತು. ಫಲಿತಾಂಶ ಬದಲಾಗಲ್ಲ. ಈ ಫೋಟೋ ಬೇಡ ಅಂದ್ರೆ ಬೇರೆ ಹಾಕೋಣ."

"ಮತ್ತೆ ನಾನು?"

"ನೀವು ಇದ್ದ ಹಾಗೇ ಇರ್ತೀರಿ. ಸರಪಳಿ ನಿಮ್ದೇ. ಬದುಕಿರೋ ತನಕ ನಿಮ್ದೇ."

ಲಂಚ ಎಂದರೆ ಇದೇ. ಜೀವನದಲ್ಲಿ ಮೊದಲ ಸಲ ಒಬ್ಬ ನನಗೆ ಲಂಚ ಕೊಡುತ್ತಿದ್ದ, ಅದೂ ನನಗೆ ಬೇಕಾದದ್ದನ್ನೇ! ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ರೆನ್‌ಶಾ ಅಭ್ಯಾಸಬಲದಿಂದ ಗುಂಡಿ ಒತ್ತಿ ಎಲ್ಲರಿಗೂ ಕೇಳುವಂತೆ ಮಾಡಿದ. ಆ ಕಡೆ ಕ್ವಿಲ್ ಲೇಕಿನ ಕೋಚ್, ವಾರನ್ ಬೀಡಲ್. ಮುಂದಿನ ವರ್ಷದ ತಾರೀಕು ಗೊತ್ತುಮಾಡಲು ಕರೆದಿದ್ದರು.

"ರಾತ್ರಿ ಆಟಕ್ಕೆ ನಮ್ದೇನೂ ಅಡ್ಡಿ ಇಲ್ಲಪ್ಪ" ಎಂದರು. "ಸೋತಿದ್ದು ಹೊಟ್ಟೆ ಉರೀತು ನಿಜ. ಆದ್ರೆ ನ್ಯಾಯವಾದ ಮೂರು ಇಂಚು. ನಿಮ್ಮಲ್ಲಿ ಸರಪಳಿ ಹಿಡಿಯೋದು ಸ್ಕಾರ್ ಅಲ್ವಾ? ಅವರಿದ್ದಾರೆ ಅಂದ್ರೆ ನಾನು ಮಾತಾಡಲ್ಲ."

ಬೆನ್ನಿಗೆ ಯಾರೋ ಬಾರುಕೋಲಲ್ಲಿ ಹೊಡೆದಂತಾಯಿತು. ರೆನ್‌ಶಾ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ನಾನು ಫೋನಿನ ಕಡೆ ಬಗ್ಗಿದೆ.

"ಕೋಚ್, ಸ್ಕಾರ್ ಮಾತಾಡ್ತಿರೋದು. ಅದು ನ್ಯಾಯ ಅಲ್ಲ. ಕ್ಲಿಪ್ಪು ಮುಂದಿನ ಅಂಚಿಗೆ ಇಟ್ಟೆ. ನಿಮ್ಮ ಹುಡುಗ ದಾಟಿದ್ದ."

ಕೋಚ್ ನಿಧಾನವಾಗಿ ಕೇಳಿದರು.

"ಬೆಳಕು ಸಾಲದೇ ಹೋಯ್ತಾ? ಹಾಗಿದ್ರೆ ಈಗ್ಲೇ ಹೇಳಿ. ಕಣ್ಣು ಕಾಣದ ಮೈದಾನದಲ್ಲಿ ಯಾವ ಕಾಲೇಜೂ ಆಡಲ್ಲ. ಉಳಿದ ಕಾಲೇಜಿನವರಿಗೂ ಹೇಳಿ ಒಂದು ಗಂಟೆಗೇ ವಾಪಸ್ ತರಿಸ್ತೀನಿ, ನೀವು ರಾತ್ರಿಗಿಡೋ ಆಟ ಎಲ್ಲಾನೂ."

ಅಯ್ಯೋ, ಒಂದು 'ಹೂಂ' ಸಾಕಿತ್ತು. ನನ್ನ ಶನಿವಾರ ಮಧ್ಯಾಹ್ನ ನನಗೆ ವಾಪಸ್ಸು. ಸರಪಳಿ ವಾಪಸ್ಸು. ಈ ಹಲ್ಲು ಕಿಸಿಯುವವನ ದೀಪಗಳು ಲಾರಿ ಹತ್ತಿ ಬಂದ ದಾರಿ ಹಿಡಿಯುತ್ತಿದ್ದವು. ನಾಲಿಗೆಯ ತುದಿಯವರೆಗೂ ಬಂತು. ಆಗಲೇ ಮಾರ್ಲಿಸ್‌ಳ ಮಾತು ನೆನಪಾಯಿತು, ದೀಪ ಊರಿಗೆ ಬರುವ ಮೊದಲೇ ಅದನ್ನು ಬೈದವನು ನಾನು.

"ಬೆಳಕು ಸರಿಯಾಗೇ ಇತ್ತು" ಎಂದೆ. "ವರ್ಲಿನ್‌ಗೆ ಕಂಡಿತು, ರೆಫರಿಗೆ ಕಂಡಿತು. ನನ್ನ ಕಣ್ಣಲ್ಲಿ ಪೊರೆ ಇದೆ. ಜೂನ್‌ನಿಂದ ಗೊತ್ತು."

ಈ ಸಲ ಮಾತಾಡಿದಾಗ ಕೋಚ್‌ ದನಿ ಬೇರೆಯಾಗಿತ್ತು.

"ಆ ಹುಡುಗ ಲಂಡೀನ್ ಶನಿವಾರದಿಂದ ಸರಿಯಾಗಿ ಊಟ ಮಾಡಿಲ್ಲ. ಇನ್ನೊಂದು ಹೆಜ್ಜೆ ಹಾಕ್ಲಿಲ್ಲ, ನನ್ನಿಂದ್ಲೇ ಸೋತ್ವಿ ಅಂತ ಎಲ್ಲರ ಹತ್ರ ಕ್ಷಮೆ ಕೇಳ್ತಿದಾನೆ. ನಾನು ಹೇಳಲ್ಲ ಸ್ಕಾರ್. ನೀವೇ ಬಂದು ಹೇಳಿ."

ಕಿತ್ತಳೆ ಅಂಗಿ ಗಾಡಿಯಲ್ಲಿತ್ತು. ತಂದು ಫೋಟೋದ ಮೇಲೆ ಎಸೆದೆ. "ಊರ ಮರ್ಯಾದೆ ತೆಗೆದ್ರಿ ಯಜಮಾನ್ರೇ" ಎಂದ ರೆನ್‌ಶಾ. "ನಿನಗೆ ಇಂಚು ಗೊತ್ತಿಲ್ಲ, ಊರು ಏನು ಗೊತ್ತು?" ಎಂದು ಬಂದೆ. ಆದರೆ ಅದರಲ್ಲಿ ಮೊದಲಿನ ಖಾರ ಇರಲಿಲ್ಲ. ಬೈಯುವ ಹಕ್ಕು ಅರ್ಧ ಕಳೆದುಕೊಂಡಿದ್ದೆ.

ಮಂಗಳವಾರ ಮಧ್ಯಾಹ್ನ ಕ್ವಿಲ್ ಲೇಕಿಗೆ ಹೋದೆವು. ತೊಂಬತ್ತು ಮೈಲಿ. ಹಗಲು ಬೆಳಕಿದ್ದರೂ ಮಾರ್ಲಿಸ್ ಕೈಗೆ ಚಾವಿ ಕೊಟ್ಟೆ. ಮೂವತ್ನಾಲ್ಕನೇ ನಂಬರಿನ ಟೋಬಿಯಾಸ್ ಲಂಡೀನ್ ಅಭ್ಯಾಸಕ್ಕೆ ಹೊರಟವನು ಮೈದಾನದ ಗೇಟಿನ ಹತ್ತಿರ ಸಿಕ್ಕಿದ. ಹೆಲ್ಮೆಟ್ ಕೈಯಲ್ಲಿತ್ತು. ಹತ್ತಿರದಿಂದ ನೋಡಿದರೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನಾನು ಯಾರು, ಏನು ಮಾಡಿದೆ, ಯಾಕೆ ಮಾಡಿದೆ ಎಲ್ಲ ಹೇಳಿದೆ. ಸುತ್ತಿಬಳಸಲಿಲ್ಲ.

"ಹಾಗಾದ್ರೆ ನಾನು ದಾಟಿದ್ನಾ?" ಎಂದ.

"ದಾಟಿದ್ದೆ ಕಣಪ್ಪಾ. ಒಂದು ಇಂಚು."

ಅವನ ಮುಖ ಒಂದು ಗಳಿಗೆ ಅರಳಿತು. ಕ್ಷಮಿಸಿಬಿಡುತ್ತಾನೆ, ಕೈ ಕುಲುಕುತ್ತಾನೆ ಎಂದುಕೊಂಡೆ, ಮುದುಕರಿಗೆ ಅಂಥ ಆಸೆ ಇರುತ್ತದೆ. ಆಮೇಲೆ ಆ ಮುಖ ಕೆಂಪಾಯಿತು. ಹೆಲ್ಮೆಟ್ಟನ್ನು ಗೇಟಿಗೆ ಬೀಸಿ ಹೊಡೆದ. ಕಬ್ಬಿಣ ಝಣಝಣ ಎಂದಿತು.

"ನಾನು ಆಡ್ತಿರೋದು ಇದೇ ಕೊನೇ ವರ್ಷ ರೀ! ಕಾಣಲ್ಲ ಅಂತ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ಯಾಕೆ ಹಿಡ್ಕೊಂಡ್ರಿ ಅದನ್ನ?"

ರೆನ್‌ಶಾನಿಗೆ, ದೀಪಗಳಿಗೆ, ಡಾಕ್ಟರಮ್ಮನಿಗೆ, ಹೆಂಡತಿಗೆ, ಎಲ್ಲರಿಗೂ ನನ್ನ ಬಳಿ ಉತ್ತರವಿತ್ತು. ಈ ಹುಡುಗ ಕಾಯುತ್ತಾ ನಿಂತಿದ್ದ, ನಾನು ಗೇಟಿನಾಚೆ ಮೈದಾನದ ಬಿಳಿ ಗೆರೆಯನ್ನು ನೋಡುತ್ತಾ ನಿಂತಿದ್ದೆ. ಹಗಲಾಗಿದ್ದರಿಂದ ಎರಡು ಅಂಚೂ ಸ್ಪಷ್ಟವಾಗಿ ಕಾಣುತ್ತಿದ್ದವು.