ಪಾಕಿಸ್ತಾನದ ಟೈಲರ್

ಎಸ್ಟೇಟಿನ ಮೇಸ್ತ್ರಿ ಶಿವಯ್ಯನ ಮಗಳು ರೇವತಿ ಕಾಫಿ ಕೊಯ್ಯಲು ಹೋಗದೆ ಕಳಸದ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟದ್ದು ಕೂಲಿಯವರ ಲೈನಿನ ಮನೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅದಕ್ಕಿಂತ ದೊಡ್ಡ ಸುದ್ದಿಯೆಂದರೆ ಆ ಅಂಗಡಿಯ ಗೋಡೆಯ ಮೇಲೆ, ಲಕ್ಷ್ಮಿಯ ಪಟದ ಪಕ್ಕದಲ್ಲೇ, ನವೀದ್ ದುರ್ರಾನಿ ಎಂಬ ಪಾಕಿಸ್ತಾನದ ಬೌಲರನ ಚಿತ್ರವಿದ್ದದ್ದು.

ಅವನನ್ನು ಅವಳು ಮೊದಲು ಕಂಡದ್ದು ಎದುರಿನ ಹೋಟೆಲಿನ ಟಿ.ವಿ.ಯಲ್ಲಿ. ನಮ್ಮವನೊಬ್ಬ ಅವನಿಗೆ ಸಿಕ್ಸರ್ ಹೊಡೆದಿದ್ದ. ಹೋಟೆಲಿನಲ್ಲಿ ಮೇಜು ಕುಟ್ಟಿ ಕೂಗುತ್ತಿದ್ದರು. ದುರ್ರಾನಿ ಮಾತ್ರ ಚೆಂಡು ಹೋದ ದಿಕ್ಕನ್ನು ನೋಡಿ, ಚೆನ್ನಾಗಿಯೇ ಹೊಡೆದೆ ಎಂಬಂತೆ ನಕ್ಕು, ಮತ್ತೆ ಓಡಿಬರಲು ಹಿಂದಕ್ಕೆ ನಡೆದ. ಹೊಡೆಸಿಕೊಂಡವನು ಹಾಗೆ ನಗುವುದನ್ನು ರೇವತಿ ಎಂದೂ ನೋಡಿರಲಿಲ್ಲ. ಅವಳ ಮನೆಯಲ್ಲಿ ಸೋತು ಬಂದವರು ಪಾತ್ರೆ ಎಸೆಯುತ್ತಿದ್ದರು.

ಚಿತ್ರ ತಂದುಕೊಟ್ಟವನು ಕುಮಾರ್. ಹೊರನಾಡಿಗೆ ಹೋಗುವ ಭಕ್ತರನ್ನು ಜೀಪಿನಲ್ಲಿ ಸಾಗಿಸುತ್ತಿದ್ದ. ಚಿಕ್ಕಮಗಳೂರಿಗೆ ಹೋದಾಗಲೆಲ್ಲ ಕ್ರೀಡಾ ಪತ್ರಿಕೆಯಿಂದ ಹರಿದ ಹಾಳೆಗಳನ್ನು ಅವಳಿಗಾಗಿ ತರುತ್ತಿದ್ದ. "ನಂದೊಂದು ಫೋಟೋ ಹಾಕೂಕೆ ಜಾಗ ಉಂಟಾ ಗೋಡೆ ಮೇಲೆ?" ಎಂದು ಕೇಳಿದ್ದ. "ಮದುವೆ ಆದ್ಮೇಲೆ ನೋಡುವ," ಎಂದಿದ್ದಳು ರೇವತಿ. ಎರಡೂ ಮನೆಯವರು ಒಪ್ಪಿದ ಸಂಬಂಧ. ಮಳೆ ಕಳೆದ ಮೇಲೆ ಮದುವೆ ಎಂದಾಗಿತ್ತು. ಬ್ಲೌಸ್ ಹೊಲಿಸಲು ಬರುವ ಹೆಂಗಸರು, "ಏನು ರೇವತಿ, ನಿಮ್ಮ ಯಜಮಾನ್ರು ನಿನ್ನೆ ಎಷ್ಟು ವಿಕೆಟ್ ತಗೊಂಡ್ರು?" ಎಂದು ಗೋಡೆ ನೋಡಿ ಕೇಳುತ್ತಿದ್ದರು. ಅವಳು ಹಲ್ಲಿನ ನಡುವೆ ದಾರ ಕಚ್ಚಿಕೊಂಡೇ ನಗುತ್ತಿದ್ದಳು.

ತೊಂಬತ್ತೊಂಬತ್ತರ ಮಳೆಗಾಲಕ್ಕೆ ಗಡಿಯಲ್ಲಿ ಯುದ್ಧ ಶುರುವಾಯಿತು. ತಮಾಷೆ ನಿಂತಿತು. ಚಿತ್ರ ತೆಗೆಯಲು ತಾಯಿ ಗಿಡ್ಡಮ್ಮ ಎರಡು ಸಲ ಹೇಳಿದಳು. "ಅವ ಚೆಂಡು ಎಸೀತಾನೆ ಕಣವ್ವ, ಬಾಂಬ್ ಅಲ್ಲ," ಎಂದಳು ರೇವತಿ, ಚಿತ್ರ ತೆಗೆಯಲಿಲ್ಲ. ಹಠಕ್ಕಲ್ಲ. ತೆಗೆದರೆ ತಪ್ಪು ಮಾಡಿದ್ದೆ ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದು ಅವಳಿಗೆ ಅನಿಸಿತ್ತು.

ಒಂದು ದಿನ ಗುಡ್ಡದ ಮೇಲಿನ ಹಳ್ಳಿಯ ಸೈನಿಕನೊಬ್ಬನ ಶವ ಪೇಟೆಯ ಮೂಲಕ ಹಾದುಹೋಗುತ್ತದೆಂದು ಗೊತ್ತಾಯಿತು. ಅವನ ತಂಗಿಯ ಮದುವೆಯ ರವಿಕೆಗಳನ್ನು ಹೊಲಿದವಳು ರೇವತಿಯೇ. ಅಂಗಡಿ ಬಾಗಿಲು ಎಳೆದು, ಸೇವಂತಿಗೆ ಹೂವನ್ನು ಸೆರಗಿನಲ್ಲಿ ತುಂಬಿಕೊಂಡು ರಸ್ತೆ ಬದಿ ನಿಂತಳು. ಪೆಟ್ಟಿಗೆ ಹೊತ್ತ ಲಾರಿ ಬಂದಾಗ ಎಲ್ಲರಂತೆ ಅವಳೂ ಅತ್ತಳು, ಹೂವು ಎಸೆದಳು.

"ಇವಳು ಯಾಕೆ ಹಾಕೂದು? ಇವಳ ಗಂಡಂದಿರೇ ಕೊಂದದ್ದಲ್ವಾ?" ಎಂದಿತು ಹಿಂದಿನಿಂದ ಒಂದು ದನಿ.

ಲಾರಿ ಮುಂದೆ ಹೋಯಿತು. ಜನ ಹೋಗಲಿಲ್ಲ. ಯಾರೋ ಅಂಗಡಿಯ ಬಾಗಿಲು ಒದ್ದರು. ಚಿತ್ರಗಳು ಹರಿದು ಕೆಸರಿಗೆ ಬಿದ್ದವು, ಅವುಗಳ ಜೊತೆ ಊರಿನ ಹೆಂಗಸರ ಬಟ್ಟೆಗಳೂ. ಹೊಲಿಗೆ ಯಂತ್ರವನ್ನು ಚರಂಡಿಗೆ ತಳ್ಳಿದರು. "ಇದನ್ನೆಲ್ಲ ತಂದುಕೊಟ್ಟದ್ದು ಯಾರು?" ಎಂದು ಒಬ್ಬ ಕೇಳಿದ. ಕುಮಾರ್ ಜೀಪಿನ ಪಕ್ಕದಲ್ಲಿ ನಿಂತಿದ್ದ. ಕೆಲವರ ಕಣ್ಣು ಅವನತ್ತ ತಿರುಗಿತು. ಅವನು ಮುಂದೆ ಬಂದು, ಕೆಸರಿನಲ್ಲಿ ಬಿದ್ದಿದ್ದ ದುರ್ರಾನಿಯ ಮುಖದ ಮೇಲೆ ಕಾಲಿಟ್ಟು ಉಜ್ಜಿದ. ಆಮೇಲೆ ಎಲ್ಲರಿಗಿಂತ ಜೋರಾಗಿ ಜೈಕಾರ ಕೂಗಿದ.

ವಾರದೊಳಗೆ ಅವನ ಮನೆಯವರು ಸಂಬಂಧ ಬೇಡವೆಂದು ಹೇಳಿಕಳಿಸಿದರು. ರೇವತಿ ಅವನ ಜೀಪಿಗೆ ಅಡ್ಡ ನಿಂತಳು. "ಮದುವೆ ಬಿಡು. ನಾನೇ ತಂದದ್ದು ಅಂತ ಒಂದು ಮಾತು ಹೇಳಬಹುದಿತ್ತಲ್ಲ," ಎಂದಳು.

"ಹೇಳಿದ್ರೆ ನನ್ನ ಜೀಪಿಗೆ ಯಾರು ಹತ್ತೂದು?" ಎಂದ ಕುಮಾರ್. ಹೇಳುವಾಗ ಸ್ಟೀರಿಂಗ್ ನೋಡುತ್ತಿದ್ದ. "ನಿಂಗಾದ್ರೆ ಅಪ್ಪನ ಮನೆ ಉಂಟು ಮಾರಾಯ್ತಿ."

ಅಪ್ಪನ ಮನೆಯಲ್ಲಿ ಅವಳನ್ನು ಹೆಚ್ಚು ದಿನ ಇಟ್ಟುಕೊಳ್ಳಲಿಲ್ಲ. ಅತ್ತಿಗುಂಡಿಯ ಕಡೆ ಎಸ್ಟೇಟಿನಲ್ಲಿ ಡ್ರೈವರ್ ಆಗಿದ್ದ ಚಂದ್ರಶೇಖರನ ಹೆಂಡತಿ ತೀರಿಕೊಂಡಿದ್ದಳು. ಅವನಿಗೆ ಕೊಟ್ಟು ಕೈತೊಳೆದುಕೊಂಡರು. ಕೆಟ್ಟವನಲ್ಲ. ಆದರೆ ಮದುವೆಗೆ ಬಂದ ಕಳಸದ ನೆಂಟರು ಊಟದ ಪಂಕ್ತಿಯಲ್ಲೇ ಎಲ್ಲವನ್ನೂ ಹೇಳಿ ಹೋಗಿದ್ದರು. ಹೊಸ ಊರಿನಲ್ಲಿ ಅವಳು ಮತ್ತೆ ಹೊಲಿಯಲು ಕೂರುವ ಮೊದಲೇ ಹೆಸರು ಬಂದು ಕಾದಿತ್ತು: ಪಾಕಿಸ್ತಾನದ ಟೈಲರ್. ಅವಳು ಯಂತ್ರ ಕೊಳ್ಳಲೇ ಇಲ್ಲ. ಎಳವೆಯಲ್ಲಿ ಬೇಡವೆಂದ ಕಾಫಿ ಕೊಯ್ಲಿಗೇ ಹೋದಳು. ಮಗಳು ಹುಟ್ಟಿದಳು. ರೂಪಶ್ರೀ ಎಂದು ಹೆಸರಿಟ್ಟರು.

ಎರಡು ಸಾವಿರದ ಏಳರ ಕೊನೆಗೆ ಪಾಕಿಸ್ತಾನದ ತಂಡ ಆಡಲು ಬಂತು. ಆ ಹೊತ್ತಿಗೆ ಗಾಳಿಯೇ ಬೇರೆಯಾಗಿತ್ತು. ಎರಡೂ ದೇಶದವರು ಸ್ನೇಹದ ಮಾತಾಡುತ್ತಿದ್ದರು. ಆಟ ಬಿಟ್ಟು ಮೈ ಬಂದಿದ್ದ ದುರ್ರಾನಿ, ನಮ್ಮದೇ ಚಾನೆಲಿನಲ್ಲಿ ಕೋಟು ಹಾಕಿ ಕುಳಿತು ಹಿಂದಿಯಲ್ಲಿ ತಮಾಷೆ ಮಾಡುತ್ತಿದ್ದ. ಚಂದ್ರಶೇಖರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ರೇವತಿ, ಬಾ ನೋಡು. ಎಷ್ಟು ಚೆಂದ ಮಾತಾಡ್ತಾನೆ."

"ಅವಳನ್ನ ಯಾಕೆ ಕರೀತೀಯ? ಅವನಿಂದ ಆದದ್ದು ಸಾಕು," ಎಂದಳು ಅತ್ತೆ ರಾಮಮ್ಮ.

ರೇವತಿ ಅಡಿಗೆ ಮನೆಯ ಬಾಗಿಲಿಗೆ ಬಂದು ನಿಂತು ನೋಡಿದಳು. ಅವನು ನಗುತ್ತಿದ್ದ, ಆದರೆ ಅದು ಯಾರೋ ನಗಲು ಹೇಳಿದ್ದಕ್ಕೆ ನಕ್ಕ ಹಾಗಿತ್ತು. ಸಿಟ್ಟು ಬಂದೀತು, ಅಳು ಬಂದೀತು ಎಂದುಕೊಂಡಿದ್ದಳು. ಏನೂ ಬರಲಿಲ್ಲ. ಒಲೆಯ ಮೇಲಿನ ಸಾರು ಉಕ್ಕುವ ಸದ್ದಾಯಿತು, ಒಳಗೆ ಹೋದಳು.

ಅದೇ ವಾರ ರೂಪಶ್ರೀ ಶಾಲೆಯಿಂದ ಬಂದವಳು ಚೀಲ ಇಳಿಸದೆ ಕೇಳಿದಳು, "ಅಮ್ಮ, ನಾವು ಪಾಕಿಸ್ತಾನದವರಾ?"

"ಅಲ್ಲ ಮಗ. ಯಾರು ಹೇಳಿದ್ದು?"

"ಎಲ್ಲರೂ. ಕಬಡ್ಡಿಯಲ್ಲಿ ನನ್ನ ಯಾರೂ ತಗೊಳ್ಳೂದಿಲ್ಲ. ನಿನ್ನಿಂದ ಅಂತೆ."

ರೇವತಿ ಅವಳನ್ನು ಕೂರಿಸಿಕೊಂಡು ಅಂಗಡಿಯ ಕತೆ, ಸಿಕ್ಸರಿನ ಕತೆ, ಹೂವು ಹಾಕಿದ ಕತೆ, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಯಾರಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು.

"ಹಾಗಾದ್ರೆ ಫೋಟೋ ಹಾಕಿದ್ದು ಹೌದು," ಎಂದಳು ಕೊನೆಗೆ.

"ಹೌದು."

ಮರುದಿನ ಬೆಳಿಗ್ಗೆ ರೇವತಿ ಜಡೆ ಹೆಣೆದು, ಎಂದಿನಂತೆ ಶಾಲೆಯವರೆಗೆ ಬಿಡಲು ಚಪ್ಪಲಿ ಮೆಟ್ಟಿದಳು. ರೂಪಶ್ರೀ ಅಂಗಳಕ್ಕಿಳಿದು ಅಪ್ಪನ ಕೈ ಹಿಡಿದಳು. "ನೀನು ಬರೂದು ಬೇಡ. ಇನ್ನು ಮೇಲೆ ಅಪ್ಪನ ಜೊತೆ ಹೋಗ್ತೇನೆ." ಚಂದ್ರಶೇಖರ ಹೆಂಡತಿಯ ಮುಖ ನೋಡಿದ, ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಇಬ್ಬರೂ ಇಳಿಜಾರಿನ ದಾರಿ ಹಿಡಿದು ಹೊರಟರು. ತಿರುವಿನಲ್ಲಿ ಮಗಳು ಹಿಂತಿರುಗಿ ನೋಡಿಯಾಳೆಂದು ರೇವತಿ ನಿಂತಿದ್ದಳು. ಅವಳು ನೋಡಲಿಲ್ಲ.