ನಜೀಬಾ ಕಟ್ಟಿದ ವಾಕ್ಯ

ಆಗ ಏಡನ್ನಿನಲ್ಲಿ ಬ್ರಿಟಿಷರ ಆಳ್ವಿಕೆ ಇನ್ನೂ ಮುಗಿದಿರಲಿಲ್ಲ. ಮುಗಿಯುತ್ತದೆಂದು ಗಟ್ಟಿಯಾಗಿ ಹೇಳುವವರು ಜೈಲಿನಲ್ಲಿದ್ದರು, ಮೆಲ್ಲಗೆ ಹೇಳುವವರು ಚಹಾದಂಗಡಿಗಳಲ್ಲಿದ್ದರು. ಕ್ರೇಟರ್ ಪೇಟೆಯ ನಮ್ಮ ಹೆಣ್ಣುಮಕ್ಕಳ ಶಾಲೆಯಲ್ಲಿ ಮಾತ್ರ ಯಾರೂ ಏನೂ ಹೇಳುತ್ತಿರಲಿಲ್ಲ. ನಜೀಬಾ ನನ್ನ ಪಕ್ಕದ ಮನೆಯವಳು. ಶಾಲೆಯಲ್ಲೂ ನಮ್ಮದು ಒಂದೇ ಬೆಂಚು.

ಕೊನೆಯ ವರ್ಷದ ನಮಗೆ ಇಂಗ್ಲಿಷ್ ಕಲಿಸುತ್ತಿದ್ದವರು ಮಿಸ್ ಪೆನ್ರೋಸ್. ತಮ್ಮ ಭಾಷೆಯೆಂದರೆ ಅವರಿಗೆ ಪ್ರಾಣ. ಆ ದಿನ ಶಿಕ್ಷಣ ಇಲಾಖೆಯ ಹ್ಯಾಲಮ್ ಸಾಹೇಬ ತನಿಖೆಗೆ ಬಂದು, ಹಿಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮಿಸ್ ಪೆನ್ರೋಸ್ ಬೋರ್ಡಿನ ಮೇಲೆ ದೊಡ್ಡದಾಗಿ ‘ಔಟ್’ ಎಂದು ಬರೆದರು.

“ರನ್ ಅಂದ್ರೆ ಓಡು. ಮುಂದೆ ಔಟ್ ಹಚ್ಚಿದ್ರೆ ಔಟ್‌ರನ್. ಈಗ ಅದು ಬರೀ ಓಟ ಅಲ್ಲ, ಇನ್ನೊಬ್ರನ್ನ ಹಿಂದೆ ಹಾಕೋ ಓಟ. ಔಟ್‌ಶೈನ್ ಅಂದ್ರೆ ಪಕ್ಕದವರು ಮಂಕಾಗೋ ಹಾಗೆ ಹೊಳಿಯೋದು. ಈ ಪದಗಳಿಗೆ ಒಬ್ಬರು ಸಾಲಲ್ಲ. ಸೋಲೋಕೆ ಇನ್ನೊಬ್ರು ಬೇಕೇ ಬೇಕು. ಎಲ್ಲಿ, ಒಂದೊಂದು ವಾಕ್ಯ ಹೇಳಿ ನೋಡೋಣ.”

ಒಬ್ಬಳ ಅಣ್ಣ ಮೇಕೆಯನ್ನು ಮೀರಿಸಿ ಓಡಿದ. ಇನ್ನೊಬ್ಬಳ ತಾಯಿ ಮಾತಿನಲ್ಲಿ ನಾದಿನಿಯನ್ನು ಮೀರಿಸಿದಳು. ಎಲ್ಲರೂ ನಕ್ಕೆವು, ಸಾಹೇಬನೂ ತಲೆಯಾಡಿಸಿದ. ನಜೀಬಾಳ ಸರದಿ ಬಂತು. ಅವಳು ಎದ್ದು ಹಿಂದಿನ ಸಾಲಿನ ಕಡೆಗೇ ತಿರುಗಿದಳು.

“ವಿ ವಿಲ್ ಔಟ್‌ಸ್ಟೇ ಯೂ.” ನಿಮಗಿಂತ ಹೆಚ್ಚು ಕಾಲ ಇಲ್ಲಿ ಉಳಿಯುವವರು ನಾವು, ಎಂದು.

ಕೂತ್ಕೋ ಎಂದು ನಾನು ಅವಳ ತೋಳು ಜಗ್ಗಿದೆ. ಆದರೆ ಸಾಹೇಬನಿಗೆ ಸಿಟ್ಟು ಬರಲಿಲ್ಲ. ತಪ್ಪು ಸಿಕ್ಕಿತೆಂದು ಖುಷಿಯಾದಂತಿತ್ತು.

“ಆ ಪದ ಅಲ್ಲಿ ಅಷ್ಟು ಸರಿಹೋಗಲ್ಲಮ್ಮ. ಅದನ್ನ ನಾವು ಹೆಚ್ಚಾಗಿ ಅತಿಥಿಗಳಿಗೆ ಹೇಳೋದು. ಊಟ ಆಗಿದೆ, ಕಾಫಿ ಆಗಿದೆ, ಮನೆಯವರು ಆಕಳಿಸ್ತಿದಾರೆ, ಆದ್ರೂ ಪುಣ್ಯಾತ್ಮ ಎದ್ದು ಹೋಗ್ತಿಲ್ಲ. ಅಂಥವರಿಗೆ.”

ನಜೀಬಾ ತಲೆಯಾಡಿಸಿದಳು.

“ಹಾಗಾದ್ರೆ ತಪ್ಪು ನನ್ನದೇ ಸರ್. ಕರ್ತೃ ಅದಲುಬದಲಾಗಿದೆ. ತಿದ್ಕೋತೀನಿ. ಔಟ್‌ಸ್ಟೇ ಮಾಡಿರೋರು ನೀವು.”

ಮಿಸ್ ಪೆನ್ರೋಸ್ ಬೋರ್ಡಿನ ಕಡೆಗೆ ತಿರುಗಿಕೊಂಡರು. ಅವರ ಭುಜ ಅಲುಗುತ್ತಿದ್ದದ್ದು ಮುಂದಿನ ಬೆಂಚಿನವರಿಗೆ ಮಾತ್ರ ಕಂಡಿತು.

ಸಂಜೆಯೊಳಗೆ ಮುಖ್ಯೋಪಾಧ್ಯಾಯಿನಿ ಮಿಸೆಸ್ ಟ್ಯಾಲ್ಬಟ್ ಅವರ ತೀರ್ಪು ಹೊರಬಿತ್ತು. ನಾಳೆ ಪ್ರಾರ್ಥನೆಯ ಹೊತ್ತಿಗೆ ನಜೀಬಾ ಎಲ್ಲರೆದುರು ಕ್ಷಮೆ ಕೇಳಬೇಕು. ಇಲ್ಲವಾದರೆ ಶಾಲೆಯೂ ಇಲ್ಲ, ಪರೀಕ್ಷೆಯೂ ಇಲ್ಲ.

ಅವಳ ಜೊತೆ ನಾನೂ ಅವರ ಮನೆಗೆ ಹೋದೆ. ಅವಳಮ್ಮ ಹುಳಿ ಬರಿಸಿದ ಹಿಟ್ಟಿನ ಖಮೀರ್ ಕರಿಯುತ್ತಿದ್ದರು. ಬಂದರಿನಲ್ಲಿ ಕ್ರೇನ್ ನಡೆಸುವ ಅಪ್ಪ ಅವದ್ ಆಗಷ್ಟೇ ಬಂದು ಕೈತೊಳೆಯುತ್ತಿದ್ದರು. ವಿಷಯ ಕೇಳಿ ನೆಲದ ಮೇಲೇ ಕೂತುಬಿಟ್ಟರು.

“ನಾಲ್ಕು ಮಾತು ತಾನೇ ಮಗಳೇ, ಹೇಳಿಬಿಡು. ಬಾಯಲ್ಲಿ ಒಂದು ಹೇಳು, ಮನಸಲ್ಲಿ ಏನು ಬೇಕಾದ್ರೂ ಅನ್ಕೋ. ನಾನು ಬಂದರಲ್ಲಿ ದಿನಾ ಮಾಡೋದು ಅದನ್ನೇ.”

“ಅದಕ್ಕೇ ಅಪ್ಪ, ನಿನಗೆ ದಿನಾ ಎದೆಯುರಿ.”

“ನಾಲಿಗೆ ನೋಡು ಇದರದು,” ಎಂದರು ಅಮ್ಮ, ಬಾಣಲೆಯಿಂದ ಕಣ್ಣು ತೆಗೆಯದೆ. “ಯಾರ ಕಡೆಯಿಂದ ಬಂತೋ.”

“ನಿನ್ನ ಕಡೆಯಿಂದಲೇ, ಇನ್ಯಾರು,” ಎಂದರು ಅವದ್.

ನಜೀಬಾ ಬಿಸಿ ಖಮೀರ್ ಒಂದನ್ನು ಮುರಿದು ಊದಿದಳು. “ಆಯ್ತು. ಕ್ಷಮೆ ಕೇಳ್ತೀನಿ.”

ಅವಳು ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಯಾಕೋ ಸರಿಕಾಣಲಿಲ್ಲ.

ಮರುದಿನ ಹ್ಯಾಲಮ್ ಸಾಹೇಬನೂ ಬಂದು ವೇದಿಕೆಯ ಮೇಲೆ ಕೂತ. ನಜೀಬಾ ಅಂಗಳದ ನಡುವೆ ನಿಂತು, ಚೊಕ್ಕ ಇಂಗ್ಲಿಷಿನಲ್ಲಿ ಹೇಳಿದಳು: “ಹ್ಯಾಲಮ್ ಅವರಲ್ಲಿ ಕ್ಷಮೆ ಕೇಳ್ತೀನಿ. ನಮ್ಮ ಮನೆಗಳಲ್ಲಿ ಅತಿಥಿ ಎಷ್ಟು ದಿನ ಕೂತ್ರೂ, ಯಾವಾಗ ಹೊರಡ್ತೀರಿ ಅಂತ ಕೇಳೋ ಪದ್ಧತಿ ಇಲ್ಲ. ಅದು ಅತಿಥಿಗೇ ಹೊಳೀಬೇಕು. ನಾನು ತಾಳ್ಮೆಗೆಟ್ಟು ಕೇಳಿಬಿಟ್ಟೆ.”

ಮಿಸೆಸ್ ಟ್ಯಾಲ್ಬಟ್ ಮೊದಲು ತೃಪ್ತಿಯಿಂದ ತಲೆದೂಗಿದರು. ಆಮೇಲೆ ಆ ತಲೆ ನಿಂತಿತು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಳು, ನಗು ಇಡೀ ಅಂಗಳಕ್ಕೆ ಹಬ್ಬಿತು.

“‘ನನ್ನದು ತಪ್ಪು’ ಅಂತ ಹೇಳು. ಅಷ್ಟು ಮಾತ್ರ,” ಎಂದರು ಮಿಸೆಸ್ ಟ್ಯಾಲ್ಬಟ್.

“ಯಾವುದರಲ್ಲಿ ಮೇಡಂ? ವ್ಯಾಕರಣದಲ್ಲಾ?”

“ಮಿಸ್ ಪೆನ್ರೋಸ್, ಇವಳಿಗೆ ನೀವೇ ಹೇಳಿ.”

ಮಿಸ್ ಪೆನ್ರೋಸ್ ಅವರ ಮುಖ ಕೆಂಪಾಗಿತ್ತು. ಅವರು ಸಾಹೇಬನನ್ನೊಮ್ಮೆ, ನಜೀಬಾಳನ್ನೊಮ್ಮೆ ನೋಡಿದರು. “ವ್ಯಾಕರಣದಲ್ಲಿ ತಪ್ಪಿಲ್ಲ,” ಎಂದರು. ಮುಂದಿನ ತಿಂಗಳು ಅವರನ್ನು ಬೇರೆ ಕಡೆಗೆ ವರ್ಗ ಮಾಡಿದರು.

ಅದೇ ದಿನ ಮಧ್ಯಾಹ್ನ ಶಾಲೆಯಿಂದ ಅವದ್ ಅವರಿಗೆ ಕರೆ ಹೋಯಿತು. ಕೆಲಸದ ಬಟ್ಟೆಯಲ್ಲೇ, ಟೊಪ್ಪಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು. ಮಗಳ ಬದಲು ತಾವೇ ಕ್ಷಮೆ ಕೇಳಲು ಬಂದಿದ್ದರೆಂದು ಆಮೇಲೆ ಅವರೇ ನಮಗೆ ಹೇಳಿದರು. ಮಿಸೆಸ್ ಟ್ಯಾಲ್ಬಟ್ ಸುಮ್ಮನಿದ್ದಿದ್ದರೆ ಕೇಳಿಯೂ ಬಿಡುತ್ತಿದ್ದರು.

“ನಾವು ಬರೋ ಮುಂಚೆ ಈ ಊರಲ್ಲಿ ಒಬ್ಬ ಹೆಂಗಸಿಗೂ ಅಕ್ಷರ ಗೊತ್ತಿರಲಿಲ್ಲ. ಅದನ್ನ ನಿಮ್ಮ ಮಗಳಿಗೆ ನೆನಪಿಸಿ,” ಎಂದರಂತೆ ಆಕೆ.

ಅವದ್ ಟೊಪ್ಪಿಯನ್ನು ತಲೆಗೆ ಹಾಕಿಕೊಂಡರು. “ನನಗೆ ಓದು ಕಲಿಸಿದ್ದು ನಮ್ಮಮ್ಮ, ಮೇಡಂ. ಅವಳಿಗೆ ಕಲಿಸಿದ್ದು ಅವಳಮ್ಮ. ನಜೀಬಾ, ನಡಿ ಮಗಳೇ.”

ಗೇಟು ದಾಟಿದ ಮೇಲೆ ಅವರು ಮಸೀದಿಯ ಕಟ್ಟೆಯ ಮೇಲೆ ಕೂತು, “ನಿನ್ನಮ್ಮನಿಗೆ ನೀನೇ ಹೇಳು, ನನ್ನ ಕೈಲಾಗಲ್ಲ,” ಎಂದರಂತೆ.

ಅಮ್ಮ ಕೂಗಾಡಲಿಲ್ಲ. ಕಪ್ಪು ಶೇದರ್ ಹೊದ್ದು, ಮಗಳನ್ನು ಬಸ್ಸು ಹತ್ತಿಸಿ ಶೇಖ್ ಒತ್ಮಾನ್ ಎಂಬ ಪೇಟೆಗೆ ಕರೆದುಕೊಂಡು ಹೋದರು. ಅಲ್ಲಿ ಊರಿನವರೇ ನಡೆಸುವ ತಗಡಿನ ಮಾಡಿನ ಶಾಲೆಯೊಂದಿತ್ತು, ಬರೀ ಗಂಡುಹುಡುಗರದು. ಹುಡುಗಿಯರನ್ನು ಸೇರಿಸಿಕೊಳ್ಳುವುದಿಲ್ಲ ಎಂದರು ಅಲ್ಲಿನ ಮುದಿ ಮೇಷ್ಟ್ರು.

“ಇಂಗ್ಲಿಷರ ಶಾಲೆ ಇವಳನ್ನ ಹೊರಗೆ ಹಾಕಿದೆ,” ಎಂದರು ಅಮ್ಮ. “ನೀವೂ ಅವರ ಹಾಗೇ ಅನ್ನೋದಾದ್ರೆ ಹೇಳಿ, ಹೋಗ್ತೀವಿ.”

ಮೇಷ್ಟ್ರು ಒಂದು ಕುರ್ಚಿ ತರಿಸಿ ಕಿಟಕಿಯ ಪಕ್ಕ ಹಾಕಿಸಿದರು.

ಬೇಸಗೆಯಲ್ಲಿ ಪರೀಕ್ಷೆ ಬಂತು. ಊರಿನ ಎಲ್ಲ ಶಾಲೆಗಳಿಗೂ ನಮ್ಮ ಶಾಲೆಯ ಹಾಲೇ ಪರೀಕ್ಷೆಯ ಜಾಗ. ಬಾಗಿಲಲ್ಲಿ ಮಿಸೆಸ್ ಟ್ಯಾಲ್ಬಟ್ ನಿಂತಿದ್ದರು. ಶೇಖ್ ಒತ್ಮಾನಿನ ಹುಡುಗರ ಸಾಲಿನ ಕೊನೆಯಲ್ಲಿ ನಜೀಬಾ ಬಂದಳು. ಬೇರೆ ಶಾಲೆಯಿಂದ ಬಂದವರನ್ನು ತಡೆಯುವ ಅಧಿಕಾರ ಮಿಸೆಸ್ ಟ್ಯಾಲ್ಬಟ್ ಅವರಿಗಿರಲಿಲ್ಲ.

“ಗುಡ್ ಮಾರ್ನಿಂಗ್, ಮೇಡಂ,” ಎಂದು ನಜೀಬಾ ನೇರ ಒಳಗೆ ಬಂದು, ಅವರ ಮೂಗಿನ ಕೆಳಗೇ ಇದ್ದ ಮೊದಲ ಸಾಲಿನಲ್ಲಿ ಕೂತಳು.

ಫಲಿತಾಂಶ ಬಂದಾಗ ಅವಳ ಹೆಸರು ನಮ್ಮ ಶಾಲೆಯ ಎಲ್ಲರಿಗಿಂತ ಮೇಲಿತ್ತು. ಇಂಗ್ಲಿಷಿನಲ್ಲಿ ಹಾಗಾಗುವುದೆಂದು ನನಗೆ ಗೊತ್ತೇ ಇತ್ತು. ಗಣಿತದಲ್ಲೂ ನನ್ನನ್ನು ಹಿಂದೆ ಹಾಕಿದ್ದಕ್ಕೆ ಮಾತ್ರ ಎರಡು ದಿನ ಅವಳ ಜೊತೆ ಮಾತು ಬಿಟ್ಟೆ.