ಅತ್ತಿಗೆ ಹಿಡಿದ ಹಗ್ಗ

ಸೊಂಟದ ಮುಂದಿನ ಹಗ್ಗದ ಗಂಟನ್ನು ಬುಗುರಿ ಆರನೇ ಸಲ ಜಗ್ಗಿ ನೋಡಿದಳು. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಅವಳಿಗೆ ಮನೆಯವರು ಚಿಕ್ಕಂದಿನಲ್ಲೇ ಇಟ್ಟ ಹೆಸರು ಅದು. ನಲವತ್ತೆರಡಾದರೂ ಹೋಗಿಲ್ಲ. ಕಸುಬು ಹೊಲಿಗೆ. ಮೈಗೆ ಬಿಗಿದಿದ್ದ ಪಟ್ಟಿಯ ಹೊಲಿಗೆಯನ್ನು ಉಗುರಿನಿಂದ ಕೆರೆದು ನೋಡಿ, ಪರವಾಗಿಲ್ಲ ಎಂದು ಒಪ್ಪಿಕೊಂಡಿದ್ದಳು. ಅವಳಿಗೆ ನಂಬಿಕೆ ಇಲ್ಲದ್ದು ಬಂಡೆಯ ನೆತ್ತಿಯ ಕೊಂಡಿಯಲ್ಲಿ ಹಾದು ಕೆಳಗಿಳಿದ ಹಗ್ಗದ ಆ ತುದಿಯನ್ನು ಹಿಡಿದು ನಿಂತವಳ ಮೇಲೆ.

ಅಲ್ಲಿದ್ದವಳು ಅತ್ತಿಗೆ. ಅಮ್ಮ ಹೋಗಿ ಮೂರು ವರ್ಷ. ಅಂದಿನಿಂದ ಅತ್ತಿಗೆ ನಾದಿನಿಯರ ನಡುವೆ "ಬಂದ್ಯಾ", "ಹೊರಟೆ" ಬಿಟ್ಟರೆ ಮಾತಿರಲಿಲ್ಲ. ಬೆಟ್ಟದ ಮೇಲೆ ಮೂರು ದಿನ ಒಂದೇ ಡೇರೆಯಲ್ಲಿದ್ದರೆ ಸರಿಹೋದಾರು ಎಂದು ಅಣ್ಣ ಇಬ್ಬರನ್ನೂ ಎಳೆದುಕೊಂಡು ಬಂದಿದ್ದ. ಬಂದ ದಿನವೇ ಕಾಲು ಉಳುಕಿಸಿಕೊಂಡು ಡೇರೆಯ ಬಾಯಲ್ಲಿ ಕೂತಿದ್ದ. ಬಂಡೆ ಹತ್ತುವುದನ್ನು ಕಲಿಸುವ ಮೇಷ್ಟ್ರಿಗೆ ಮನೆಯ ಕಥೆ ಏನು ಗೊತ್ತು? "ನಿಮ್ಮಿಬ್ರ ತೂಕ ಸರಿಸಮ. ನೀವೇ ಜೋಡಿ," ಎಂದುಬಿಟ್ಟರು.

ಬುಗುರಿ ಹತ್ತಿದಳು. ಮೇಷ್ಟ್ರು ಹೇಳಿದ್ದು ಕಾಲಿನ ಮೇಲೆ ಭಾರ ಹಾಕಿ, ನಿಧಾನವಾಗಿ ಎಂದು. ಅವಳಿಗೆ ನಿಧಾನ ಎಲ್ಲಿ ಬರಬೇಕು? ಕೈಯಿಂದಲೇ ಮೈಯನ್ನು ಎಳೆದುಕೊಂಡು ಎರಡಾಳೆತ್ತರ ಏರುವಷ್ಟರಲ್ಲಿ ತೋಳು ಸೋತಿತು. ಮೇಲೆ ಹಿಡಿಯಲು ಬಿರುಕಿಲ್ಲ, ಕೆಳಗೆ ಕಾಲಿಡಲು ಜಾಗ ಕಾಣದು. ಮೊಣಕಾಲು ಅವಳ ಮಷಿನ್ನಿನ ಸೂಜಿಯಂತೆ ಟಕಟಕ ಕುಣಿಯತೊಡಗಿತು.

"ಕೈ ಬಿಟ್ಟು ಹಿಂದಕ್ಕೆ ಕೂತ್ಕೊಳ್ಳಿ, ಇಳಿಸ್ತಾರೆ," ಎಂದರು ಮೇಷ್ಟ್ರು.

"ನಾನು ಹಿಡ್ಕೊಂಡಿದೀನಿ ಕಣೆ," ಎಂದಳು ಅತ್ತಿಗೆ.

ಆ ಮಾತಿಗೆ ಬುಗುರಿ ಸಿಡಿದಳು. ಬಂಡೆಗೆ ಕೆನ್ನೆ ಒತ್ತಿಕೊಂಡೇ ಕೂಗಿದಳು: "ಅಮ್ಮನಿಗೆ ಜಾಸ್ತಿ ಆದ ರಾತ್ರಿ ಯಾಕೆ ಫೋನ್ ಮಾಡ್ಲಿಲ್ಲ? ಅಮ್ಮ ಹೋದ್ಮೇಲೆ ಯಾಕೆ ಹೇಳಿದ್ರಿ?"

ಡೇರೆಯ ಬಾಯಲ್ಲಿ ಅಣ್ಣನ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತು.

"ಮೊದ್ಲು ಇಳಿ," ಎಂದಳು ಅತ್ತಿಗೆ.

"ಹೇಳಿ! ಹೇಳದೆ ಇಳಿಯಲ್ಲ."

ಅತ್ತಿಗೆ ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿದಳು. "ಅತ್ತೆಯೇ ಬೇಡ ಅಂದ್ರು. 'ಆ ಬುಗುರಿ ಬಂದ್ರೆ ಮಂಚದ ಸುತ್ತ ಗಿರಗಿರ ತಿರುಗ್ತಾಳೆ, ನನಗೆ ನಿದ್ದೆ ಬರಲ್ಲ. ಬೆಳಗಾಗ್ಲಿ, ಕರೆಸು' ಅಂದ್ರು. ಬೆಳಗಿನ ತನಕ ಇರ್ತಾರೆ ಅಂತ ನಾನೂ ನಂಬಿದ್ದೆ. ನಾನು ಅವರ ಮಾತು ಕೇಳಬಾರದಿತ್ತು. ಇದನ್ನ ನಿನಗೆ ಯಾವ ಬಾಯಲ್ಲಿ ಹೇಳ್ಲಿ?"

ಬುಗುರಿ ಕೈ ಬಿಡಲಿಲ್ಲ, ಕಾಲೇ ಜಾರಿತು. ಮೊಳದಷ್ಟು ಬಿದ್ದು ಹಗ್ಗಕ್ಕೆ ಜೋತು ಗಾಳಿಯಲ್ಲಿ ನಿಂತಳು. ಅತ್ತಿಗೆ ಹಲ್ಲು ಕಚ್ಚಿ, ಒಂದೊಂದೇ ಗೇಣು ಬಿಡುತ್ತ ಅವಳನ್ನು ಇಳಿಸಿದಳು. ನೆಲಕ್ಕೆ ಕಾಲು ತಾಗಿದ್ದೇ ತಡ, ಬುಗುರಿ ಗಂಟು ಬಿಚ್ಚಿ, ಯಾರ ಮುಖವನ್ನೂ ನೋಡದೆ ಬಂಡೆಯ ಹಿಂದಕ್ಕೆ ಹೋದಳು. ಅಲ್ಲಿ ಅತ್ತಳೋ ಬೈದಳೋ, ವಾಪಸು ಬರುವಾಗ ಮುಖ ಒದ್ದೆಯಾಗಿತ್ತು.

ಈಗ ಅತ್ತಿಗೆಯ ಸರದಿ. ಹಗ್ಗ ಹಿಡಿಯುವುದನ್ನು ಮೇಷ್ಟ್ರು ಬುಗುರಿಗೆ ಮತ್ತೊಮ್ಮೆ ತೋರಿಸಿಕೊಟ್ಟರು. ಅತ್ತಿಗೆ ಏದುಸಿರು ಬಿಡುತ್ತ, ದೇವರನ್ನೂ ಗಂಡನನ್ನೂ ಒಟ್ಟಿಗೆ ಬೈಯುತ್ತ ಏರಿದಳು. ತುದಿಗೆ ಇನ್ನೊಂದು ಮಾರು ಇದೆ ಎನ್ನುವಾಗ ಕೈ ತಪ್ಪಿತು. ಹಗ್ಗದ ಸೆಳೆತಕ್ಕೆ ಬುಗುರಿ ತುದಿಗಾಲಿಗೆ ಎದ್ದಳು. ಆದರೆ ಹಗ್ಗ ಹಿಡಿದಿದ್ದ ಕೈ ಸಡಿಲಾಗಲಿಲ್ಲ.

"ಬಿಟ್ಟೀಯೆ!" ಎಂದು ಮೇಲಿನಿಂದ ಚೀರಾಟ.

"ಬಿಡ್ತೀನಾ? ಕೆಳಗೇನು ನೋಡ್ತೀರಿ, ಹತ್ತಿ!"

ಅತ್ತಿಗೆ ತುದಿ ಮುಟ್ಟಿಯೇ ಇಳಿದಳು. ಇಬ್ಬರೂ ಕಲ್ಲಿನ ಮೇಲೆ ಕೂತು ನೀರು ಕುಡಿದರು.

"ಆ ರಾತ್ರಿ ಇನ್ನೇನಂದ್ರು ಅಮ್ಮ?"

"ಕಿಟಕಿ ತೆಗಿ ಅಂದ್ರು. ಕಾಲು ಒತ್ತಿಸ್ಕೊಂಡ್ರು. ನೀನು ಹೊಲಿದ ಅಂಗಿ ತೋಳಲ್ಲಿ ಬಿಗಿ ಅಂತ ಬೈದ್ರು."

"ಸುಳ್ಳು! ಎರಡಂಗುಲ ಬಿಟ್ಟಿದ್ದೆ," ಎಂದಳು ಬುಗುರಿ. ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅತ್ತಿಗೆಯ ಮೇಲಿದ್ದದ್ದು ಅರ್ಧ ಅಮ್ಮನ ಕಡೆಗೆ, ಅರ್ಧ ತನ್ನ ಕಡೆಗೇ ತಿರುಗಿತ್ತು. ಅದನ್ನು ಇಟ್ಟುಕೊಂಡು ಸುಮ್ಮನೆ ಕೂರುವುದು ಆಗಲಿಲ್ಲ. ಎದ್ದಳು.

"ಹಗ್ಗ ಹಿಡೀರಿ ಅತ್ತಿಗೆ. ಇನ್ನೊಂದ್ಸಲ ಹೋಗ್ತೀನಿ."

"ಸ್ವಲ್ಪ ಉಸಿರಾದ್ರೂ ತಗೊಳ್ಳೆ!"

ಹಾಗೆನ್ನುತ್ತಲೇ ಅತ್ತಿಗೆ ಮೊಣಕಾಲಿಗೆ ಕೈಯೂರಿ ಎದ್ದಳು.